ಎರಡನೆಯದು ಗಂಡು

ಇಂಥ ಮನೆಗಳು ಬೆಂಗಳೂರಿನಲ್ಲಿ ಸಾಕಷ್ಟಿವೆ, ಹೆಸರು ಬೇಡ. ಮನೆಯೊಡತಿ ಸಾಫ್ಟ್‌ವೇರ್ ಕಂಪನಿಯ ಉದ್ಯೋಗಿ, ಹೆರಿಗೆ ರಜೆ ಮುಗಿಸಿ ಈಚೆಗಷ್ಟೇ ಕೆಲಸಕ್ಕೆ ಮರಳಿದ್ದಾರೆ. ಅಡುಗೆಗೆ, ಪಾತ್ರೆಗೆ ಬರುವ ಹೆಂಗಸಿಗೆ ಎರಡನೆಯ ಹೆರಿಗೆಯಾಗಿದೆ. ಗಂಡು ಮಗು. ತಿಂಗಳು ತುಂಬುವ ಮೊದಲೇ ಆಕೆ ತಲೆಗೆ ಸ್ಕಾರ್ಫ್ ಬಿಗಿದು, ಕಿವಿಗೆ ಹತ್ತಿ ಇಟ್ಟುಕೊಂಡು ಸಿಂಕಿನ ಮುಂದೆ ನಿಂತಿದ್ದಾಳೆ. ಕೂಸು ಅಜ್ಜಿಯ ಹತ್ತಿರ. ಹತ್ತು ಗಂಟೆಯ ಹೊತ್ತಿಗೆ ಹಾಲು ಕಟ್ಟಿ ಎದೆ ಸಿಡಿಯತೊಡಗುತ್ತದೆ, ರವಿಕೆ ಒದ್ದೆಯಾಗುತ್ತದೆ. ಬಚ್ಚಲಿಗೆ ಹೋಗಿ ಹಾಲು ಹಿಂಡಿ ಚೆಲ್ಲಿ ಬಂದು ಮತ್ತೆ ಕುಕ್ಕರ್ ಉಜ್ಜುತ್ತಾಳೆ.

ಮನೆಯೊಡತಿ ಕೆಟ್ಟವರಲ್ಲ. ಸೀರೆ ಕೊಟ್ಟರು, ಕೈಗೆ ಎರಡು ಸಾವಿರ ಇಟ್ಟರು, "ಇನ್ನೊಂದು ವಾರ ಬಿಟ್ಟು ಬಾರಮ್ಮ" ಅಂದರು. "ಅಷ್ಟರಲ್ಲಿ ನೀವು ಬೇರೆಯವರನ್ನ ಇಟ್ಕೊಂಡ್ರೆ ಏನ್ಮಾಡ್ಲಿ ಅಕ್ಕಾ?" ಅಂದಳು ಆಕೆ. ಬರದ ದಿನಗಳ ಸಂಬಳದ ಮಾತನ್ನು ಇಬ್ಬರೂ ಎತ್ತಲಿಲ್ಲ.

ಎತ್ತಬೇಕಾಗಿದ್ದದ್ದು ಕಾನೂನು. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತಂದು 12 ವಾರದ ಸಂಬಳಸಹಿತ ರಜೆಯನ್ನು 26 ವಾರ ಮಾಡಿದರು. ಮಗುವಿಗೆ ಆರು ತಿಂಗಳು ಎದೆಹಾಲು ಮಾತ್ರ ಸಾಕೆಂದು ವೈದ್ಯರು ಹೇಳುವ ಅವಧಿಯೂ ಅಷ್ಟೇ. ಒಳ್ಳೆಯ ಕಾಯ್ದೆ. ಆದರೆ ಅಂಗಡಿ, ಕಚೇರಿಗಳಲ್ಲಿ ಕನಿಷ್ಠ 10 ಜನ ದುಡಿಯುತ್ತಿದ್ದರೆ ಮಾತ್ರ ಈ ಸೌಲಭ್ಯ. ಒಬ್ಬಳೇ ದುಡಿಯುವ ಅಡುಗೆಮನೆಯೊಳಕ್ಕೆ ಅದು ಬರುವುದೇ ಇಲ್ಲ.

ಹಾಗೆ ಹೊರಗುಳಿದವರಿಗಾಗಿಯೇ 2013ರ ಆಹಾರ ಭದ್ರತಾ ಕಾಯ್ದೆ ಪ್ರತಿಯೊಬ್ಬ ಗರ್ಭಿಣಿ, ಬಾಣಂತಿಗೂ ಕನಿಷ್ಠ 6,000 ರೂಪಾಯಿ ಎಂದು ಬರೆಯಿತು. ಸರ್ಕಾರಿ ನೌಕರಿಯವರನ್ನೂ ಬೇರೆ ಕಾನೂನಿನಡಿ ಸೌಲಭ್ಯ ಇರುವವರನ್ನೂ ಬಿಟ್ಟು ಎಲ್ಲರಿಗೂ. ಅದನ್ನು ಜಾರಿಗೆ ತರಲು 2017ರಲ್ಲಿ ಬಂದ ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆ ಮೊದಲ ಮಗುವಿಗೆ ಮಾತ್ರ 5,000 ಎಂದಿತು. 2022ರಿಂದ ಎರಡನೆಯ ಮಗುವಿಗೂ 6,000 ಇದೆ, ಅದು ಹೆಣ್ಣಾದರೆ. ಈಕೆಯದು ಗಂಡು. ಕಾಯ್ದೆ ಕೊಟ್ಟದ್ದನ್ನು ಯೋಜನೆ ಕಿತ್ತುಕೊಂಡಿತು.

ಹೆಣ್ಣುಮಗು ಉಳಿಯಲಿ ಎಂಬ ಆಸೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹುಟ್ಟಿದ್ದು ಯಾವುದಾದರೇನು, ಹೆತ್ತವಳ ಮೈಯಿಂದ ಹೋದ ರಕ್ತ ಒಂದೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಅರ್ಧಕ್ಕಿಂತ ಹೆಚ್ಚು ಗರ್ಭಿಣಿಯರಿಗೆ ರಕ್ತಹೀನತೆ ಇತ್ತು. ಒಂದರ ಹಿಂದೊಂದು ಹೆತ್ತರೆ ಮೈ ಇನ್ನಷ್ಟು ಸೊರಗುತ್ತದೆ. ಹೆಚ್ಚು ಬೇಕಾದಾಗಲೇ ಕೈಬಿಡುವ ನಿಯಮ ಇದು.

1928ರಲ್ಲಿ ಮುಂಬೈ ಶಾಸನಸಭೆಯಲ್ಲಿ ಹೆರಿಗೆ ಸೌಲಭ್ಯದ ಮಸೂದೆಯನ್ನು ಬೆಂಬಲಿಸಿ ಮಾತಾಡಿದ ಅಂಬೇಡ್ಕರ್, ಈ ಹೊರೆಯ ಬಹುಪಾಲನ್ನು ಸರ್ಕಾರವೇ ಹೊರಬೇಕು ಎಂದಿದ್ದರು. ಹಾಗಾಗಲಿಲ್ಲ. ಪೂರ್ತಿ ಖರ್ಚನ್ನು ಮಾಲೀಕರ ಮೇಲೆ ಹಾಕಿದ್ದರಿಂದಲೇ ಸಣ್ಣ ಮಾಲೀಕರನ್ನು 1961ರ ಕಾಯ್ದೆಯಿಂದ ಹೊರಗಿಡಬೇಕಾಯಿತು, ಅವರ ಜೊತೆಗೆ ಅವರ ಕೆಲಸದವರೂ ಹೊರಗಾದರು.

ಹಾಗಾದರೆ ಈ ಮನೆಯೊಡತಿಯ ಕರ್ತವ್ಯವೇನು? ಕಡೇಪಕ್ಷ ಆರು ವಾರದ ಪೂರ್ತಿ ಸಂಬಳ, ಮರಳಿ ಬಂದಾಗ ಅದೇ ಕೆಲಸ. ತಮಗೆ ಸಿಕ್ಕಿದ್ದರ ಕಾಲುಭಾಗದಷ್ಟೂ ಅಲ್ಲ ಅದು. ಆದರೆ ಬಾಣಂತಿಯ ಆರೋಗ್ಯ ಯಜಮಾನಿಯ ಗುಣದ ಮೇಲೆ ನಿಲ್ಲಬಾರದು. ಅದಕ್ಕೊಂದು ಮಾದರಿಯೂ ಇದೆ: ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಕಾನೂನು ಬಂತು. ಕಟ್ಟುವವರಿಂದ ಖರ್ಚಿನ ಶೇಕಡ 1ರಷ್ಟು ಸೆಸ್ ವಸೂಲಿ ಮಾಡಿ, ಆ ಹಣದಲ್ಲಿ ಕಲ್ಯಾಣ ಮಂಡಳಿ ಹೆರಿಗೆ ನೆರವನ್ನೂ ಕೊಡುತ್ತದೆ. ಮನೆಕೆಲಸದವರಿಗೂ ಅಂಥ ನಿಧಿ ಆಗಬೇಕು. ಅಪಾರ್ಟ್‌ಮೆಂಟಿನ ತಿಂಗಳ ಮೇಂಟೆನೆನ್ಸ್ ಬಿಲ್ಲಿನಲ್ಲೇ ಅದರ ಪಾಲನ್ನು ಸೇರಿಸಿ ವಸೂಲಿ ಮಾಡಬಹುದು.