ನೆಲ ಹೆರೆಯುವವರು

1853ರಿಂದ 1870ರವರೆಗೆ ಪ್ಯಾರಿಸ್ಸಿನ ಆಡಳಿತಾಧಿಕಾರಿಯಾಗಿದ್ದ ಓಸ್ಮಾನ್ ಹಳೆಯ ಗಲ್ಲಿಗಳನ್ನು ಒಡೆಸಿ ಅಗಲವಾದ ರಸ್ತೆಗಳನ್ನು ಹಾಕಿಸಿದ. ಹಾಗೆ ಎದ್ದ ಹೊಸ ಊರಿನ ಬೀದಿ, ಕೆಫೆ, ರೈಲು ನಿಲ್ದಾಣಗಳನ್ನು ಮಾನೆ, ಮೊನೆ, ರೆನ್ವಾ ಎಂಬ ಚಿತ್ರಕಾರರು ಮನಸೋತು ಬರೆದರು. ಊರಿನ ದುಡಿಮೆ ಅವರ ಕಣ್ಣಿಗೆ ಬಿದ್ದದ್ದು ಕಡಿಮೆ. ದೆಗಾ ಇಸ್ತ್ರಿ ಹಾಕುವ ಹೆಂಗಸರನ್ನು ಬರೆದದ್ದುಂಟು. ಹೊಸ ಮನೆಗಳೊಳಗೆ ಮಂಡಿಯೂರಿ ಬೆವರಿಳಿಸಿದ ಗಂಡಸರನ್ನು ಬರೆದವನು ಗುಸ್ತಾವ್ ಕಾಯ್ಬೋತ್, ಸೈನ್ಯಕ್ಕೆ ಬಟ್ಟೆ ಒದಗಿಸಿ ಸಿರಿವಂತನಾದವನ ಮಗ!

1875ರ ಅವನ ‘ನೆಲ ಹೆರೆಯುವವರು’ ಚಿತ್ರದಲ್ಲಿ ಮೂವರು ಕೂಲಿಗಳು ಬರಿಮೈಯಲ್ಲಿ ಮರದ ನೆಲ ಹೆರೆಯುತ್ತಿದ್ದಾರೆ. ಹಿಂದಿನ ಕಿಟಕಿಯಿಂದ ಬಂದ ಬೆಳಕು ಅವರ ಬೆನ್ನು, ತೋಳುಗಳ ಮೇಲೆ ಜಾರುತ್ತದೆ. ಹೆರೆದ ಪಟ್ಟಿ ಮಂಕು, ಹೆರೆಯದ ಪಟ್ಟಿಯಲ್ಲಿ ಹಳೆಯ ವಾರ್ನಿಷ್ ಹೊಳಪು. ಸುತ್ತಲೂ ಸುರುಳಿ ಸುರುಳಿಯಾಗಿ ಬಿದ್ದ ಸಿಪ್ಪೆ. ಇಬ್ಬರು ತಲೆ ತಿರುಗಿಸಿ ಏನೋ ಮಾತಾಡಿಕೊಳ್ಳುತ್ತಿರುವಂತಿದೆ. ಕೈ ಮಾತ್ರ ನಿಂತಿಲ್ಲ. ಬಲಗಡೆ ಒಂದು ವೈನ್ ಬಾಟಲಿ, ಒಂದು ಲೋಟ. ಇಡೀ ಚಿತ್ರದಲ್ಲಿ ಅವರದು ಎನ್ನಬಹುದಾದದ್ದು ಅದೊಂದೇ ಏನೋ.

ಸರ್ಕಾರಿ ಪ್ರದರ್ಶನವಾದ ಸಲೋನ್ ಇದನ್ನು ತಿರಸ್ಕರಿಸಿತು. ಬೆತ್ತಲೆ ಮೈ ಅಲ್ಲಿ ಹೊಸದಲ್ಲ, ಗ್ರೀಕ್ ವೀರರ ಮೈಯಾದರೆ ಸರಿ. ಬಡವರೂ ಹೊಸಬರಲ್ಲ, ಹಕ್ಕಲು ಆಯುವ ಹಳ್ಳಿ ಹೆಂಗಸರನ್ನು ಚಿತ್ರಕಾರ ಮಿಲೆ ಬರೆದ ಚಿತ್ರಕ್ಕೆ 1857ರಲ್ಲೇ ಜಾಗ ಸಿಕ್ಕಿತ್ತು, ಟೀಕೆ ಬಂದರೂ. ಆದರೆ ಪಟ್ಟಣದ ಕೂಲಿ, ಅದೂ ತಮ್ಮದೇ ನಡುಮನೆಯಲ್ಲಿ? ಅದು ಸಭ್ಯರಿಗೆ ಸಹಿಸಲಾಗದ ಸಂಗತಿ. ಮರುವರ್ಷ ಮೊನೆ, ರೆನ್ವಾ ಮೊದಲಾದ ಇಂಪ್ರೆಷನಿಸ್ಟರ ಎರಡನೇ ಪ್ರದರ್ಶನದಲ್ಲಿ ಚಿತ್ರ ತೂಗಿದಾಗ ಕಾರ್ಮಿಕರ ಬದುಕನ್ನೇ ಕಾದಂಬರಿಯಾಗಿಸುತ್ತಿದ್ದ ಜೋಲಾ ಕೂಡ ಒಪ್ಪಲಿಲ್ಲ. ಇದ್ದದ್ದನ್ನು ಇದ್ದಂತೆ ಇಷ್ಟೊಂದು ನಿಖರವಾಗಿ ಬರೆದರೆ ಅದು ಕಲೆಯಾಗದು ಎಂಬುದು ಅವನ ತಕರಾರು. ನನಗೇನೋ ಆ ನಿಖರತೆಯೇ ಕೂಲಿಗಳಿಗೆ ಸಂದ ಮರ್ಯಾದೆ ಅನಿಸುತ್ತದೆ. ಕಾಯ್ಬೋತ್ ಅವರ ಮೇಲೆ ಕನಿಕರ ಸುರಿಸುವುದಿಲ್ಲ. ಕೆಲಸ ಹೇಗೆ ಸಾಗುತ್ತದೆಂದು ನೋಡುತ್ತಾನೆ.

ಅವನದೇ ‘ಪ್ಯಾರಿಸ್ ರಸ್ತೆ, ಮಳೆಯ ದಿನ’ ಇಂದು ಹೆಚ್ಚು ಪ್ರಸಿದ್ಧ. ಛತ್ರಿ ಹಿಡಿದ ಶ್ರೀಮಂತರ ಆ ದೊಡ್ಡ ಚಿತ್ರ ಷಿಕಾಗೋದಲ್ಲಿದೆ. 1894ರಲ್ಲಿ ತೀರಿಕೊಂಡ ಕಾಯ್ಬೋತ್ ಗೆಳೆಯರ ಚಿತ್ರಗಳ ತನ್ನ ಸಂಗ್ರಹವನ್ನು ಸರ್ಕಾರಕ್ಕೆ ಬರೆದಿಟ್ಟಿದ್ದ. ನೆಲ ಹೆರೆಯುವವರ ಈ ಚಿತ್ರವನ್ನು ಸರ್ಕಾರಕ್ಕೆ ಒಪ್ಪಿಸಿದವರು ಅವನ ವಾರಸುದಾರರು, ರೆನ್ವಾನ ಮೂಲಕ. ಅದೀಗ ಪ್ಯಾರಿಸ್ಸಿನ ಓರ್ಸೆ ಸಂಗ್ರಹಾಲಯದಲ್ಲಿದೆ. ಆ ಕಡೆ ಹೋದವರು ಮೊನೆಯ ಮುಂದಿನ ನೂಕುನುಗ್ಗಲು ದಾಟಿ ಇದನ್ನೂ ನೋಡಿ ಬನ್ನಿ.