ವಜ್ರದ ವ್ಯಾಪಾರವೂ ಅಚೌರ್ಯವ್ರತವೂ

ಅಚೌರ್ಯಾಣುವ್ರತಕ್ಕೆ ಆಚಾರ್ಯ ಉಮಾಸ್ವಾಮಿಗಳು ಹೇಳಿರುವ ಐದು ಅತಿಚಾರಗಳಲ್ಲಿ ‘ತದಾಹೃತಾದಾನ’ವೂ ಒಂದು. ತಾನು ಕದಿಯದೆ, ಕದಿಯೆಂದು ಪ್ರೇರಿಸದೆ ಇದ್ದರೂ, ಕಳ್ಳನು ತಂದ ವಸ್ತುವನ್ನು ಸ್ವೀಕರಿಸುವುದು ದೋಷವೆಂದು ಇದರ ತಾತ್ಪರ್ಯ. ಕದ್ದವನಿಗೂ ಕೊಂಡವನಿಗೂ ನಡುವೆ ಹತ್ತು ಕೈಗಳಿದ್ದರೆ ಈ ದೋಷವು ಕರಗಿಹೋಗುವುದೆ? ಪಶ್ಚಿಮ ಆಫ್ರಿಕದ ಸಿಯೆರಾ ಲಿಯೋನ್ ದೇಶದ ಯುದ್ಧವು ಈ ಪ್ರಶ್ನೆಯನ್ನು ನಮ್ಮ ಮುಂದಿರಿಸುತ್ತದೆ.

ಅಲ್ಲಿನ ಕೋನೋ ಪ್ರಾಂತದಲ್ಲಿ ವಜ್ರಗಳು ನದೀಪಾತ್ರದ ಮರಳುಜಲ್ಲಿಯಲ್ಲಿಯೇ ದೊರೆಯುತ್ತವೆ. ಗುದ್ದಲಿ, ಜರಡಿ, ದುಡಿಯುವ ಕೈಗಳಿದ್ದರೆ ಸಾಕು. ಆದುದರಿಂದಲೇ ಅದು ಬಂದೂಕು ಹಿಡಿದವನಿಗೆ ಸುಲಭದ ಬೊಕ್ಕಸವಾಯಿತು. 1991ರಲ್ಲಿ ಫೋಡೇ ಸಾಂಕೋನ ನಾಯಕತ್ವದಲ್ಲಿ ದಂಗೆಯೆದ್ದ ಬಣವು ಮುಂದೆ ಈ ನೆಲವನ್ನು ವಶಪಡಿಸಿಕೊಂಡು ಜನರನ್ನು ಬಲಾತ್ಕಾರದಿಂದ ದುಡಿಸಿತು. ಮಕ್ಕಳಿಗೆ ಬಂದೂಕು ಕೊಟ್ಟಿತು. ನಿರಪರಾಧಿಗಳ ಕೈಗಳನ್ನು ಕತ್ತರಿಸಿತು. ದುರಾಡಳಿತ, ನಿರುದ್ಯೋಗಗಳೂ ಯುದ್ಧಕ್ಕೆ ಕಾರಣವಾಗಿದ್ದವು, ನಿಜ. ಆದರೆ ಅದನ್ನು ವರ್ಷಗಟ್ಟಲೆ ಪೋಷಿಸಿದ್ದು ವಜ್ರ. ಕಲ್ಲುಗಳು ನೆರೆಯ ಲೈಬೀರಿಯಕ್ಕೆ ಸಾಗುತ್ತಿದ್ದವು, ಆಯುಧಗಳು ಅಲ್ಲಿಂದ ಬರುತ್ತಿದ್ದವು. ಲೈಬೀರಿಯದ ನೆಲ ಕೊಡಬಲ್ಲುದಕ್ಕಿಂತ ಎಷ್ಟೋ ಪಾಲು ಹೆಚ್ಚು ವಜ್ರ ಆ ದೇಶದ ಹೆಸರಿನಲ್ಲಿ ಆಂಟ್‌ವರ್ಪ್ ಪೇಟೆಗೆ ಬಂದಿತ್ತು. ಅದನ್ನು ಕಂಡೂ ಕಾಣದಂತಿದ್ದವರು ಲೆಕ್ಕ ಬಾರದವರೇನಲ್ಲ! 2002ರಲ್ಲಿ ಯುದ್ಧ ಮುಗಿಯುವ ವೇಳೆಗೆ ಸುಮಾರು 50,000 ಜನ ಸತ್ತಿದ್ದರೆಂದು ಅಂದಾಜು. ಲೈಬೀರಿಯದ ಅಧ್ಯಕ್ಷನಾಗಿದ್ದ ಚಾರ್ಲ್ಸ್ ಟೇಲರ್‌ನಿಗೆ 2012ರಲ್ಲಿ 50 ವರ್ಷಗಳ ಸೆರೆವಾಸ ವಿಧಿಸಲಾಯಿತು.

ಜಗತ್ತಿನ ವಜ್ರಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟು ಸಾಣೆಗೊಳ್ಳುವುದು ಭಾರತದಲ್ಲಿ, ಮುಖ್ಯವಾಗಿ ಸೂರತ್ತಿನಲ್ಲಿ. ಮುಂಬಯಿ, ಆಂಟ್‌ವರ್ಪ್ ಪೇಟೆಗಳಲ್ಲಿ ಜೈನ ಮನೆತನಗಳು ಅನೇಕ. ಆದುದರಿಂದ ಇದು ಪರರ ವಿಚಾರವಲ್ಲ. 2003ರಿಂದ ಜಾರಿಯಲ್ಲಿರುವ ಕಿಂಬರ್ಲಿ ಒಪ್ಪಂದದಂತೆ ಕಚ್ಚಾ ವಜ್ರಕ್ಕೆ ಪ್ರಮಾಣಪತ್ರ ಬೇಕು. ಆದರೆ ಬಂಡುಕೋರರ ಯುದ್ಧಕ್ಕೆ ಹಣವಾಗುವ ವಜ್ರವನ್ನು ಮಾತ್ರ ಅದು ನಿಷೇಧಿಸುತ್ತದೆ. 2008ರಲ್ಲಿ ಜಿಂಬಾಬ್ವೆಯ ಮರಾಂಗೆಯಲ್ಲಿ ವಜ್ರ ಅಗೆಯುತ್ತಿದ್ದ ಬಡವರ ಮೇಲೆ ಗುಂಡು ಹಾರಿಸಿದ್ದು ಸರ್ಕಾರದ್ದೇ ಪಡೆ. ಅಲ್ಲಿನ ವಜ್ರಕ್ಕೆ 2011ರಲ್ಲಿ ರಫ್ತಿನ ಅನುಮತಿ ಮತ್ತೆ ದೊರೆಯಿತು. ಕಾಗದ ಶುದ್ಧವಾಗಿದ್ದರೆ ವಸ್ತುವೂ ಶುದ್ಧವೆಂದು ವ್ರತಧಾರಿಯು ಹೇಳಲಾರನು.

ಹಾಗೆಂದು ಆಫ್ರಿಕದ ವಜ್ರವನ್ನೇ ವರ್ಜಿಸುವುದು ಸರಿಯೆನಿಸದು. ಕೋನೋದಲ್ಲಿ ಇಂದಿಗೂ ಜರಡಿಯಿಂದಲೇ ಹೊಟ್ಟೆ ಹೊರೆಯುವವರಿದ್ದಾರೆ. ಬೋಟ್ಸ್‌ವಾನ ದೇಶವು ವಜ್ರದ ಆದಾಯದಿಂದಲೇ ಶಾಲೆ, ರಸ್ತೆಗಳನ್ನು ಕಟ್ಟಿಕೊಂಡಿತು. ಉಳಿಯುವುದು ವಿಚಾರಣೆಯೊಂದೇ. ಪೊಟ್ಟಣ ಬಿಚ್ಚಿ ಬಣ್ಣ, ತೂಕಗಳನ್ನು ಕೇಳುವಾಗ ಯಾವ ಹೊಳೆಯದು, ಯಾರು ಅಗೆದರು, ಅವರಿಗೆ ಏನು ಸಂದಿತು ಎಂದೂ ಕೇಳಬಹುದು. ಸಾಣೆ ಹಿಡಿದ ಮೇಲೆ ಕಲ್ಲಿನ ಹುಟ್ಟೂರನ್ನು ಗುರುತಿಸುವುದು ಬಹು ಕಠಿನವಾದ್ದರಿಂದ, ಸಾಣೆಗೆ ಮುಂಚೆಯೇ ಕೇಳಬೇಕಾಗುತ್ತದೆ.