ಕಂತು ಕಟ್ಟಿದರೆ ಋಣ ತೀರಿತೇ?

ಜೀವವಿಮೆ ದೈವದ ಮೇಲಿನ ಅಪನಂಬಿಕೆಯೇ ಎಂಬ ಪ್ರಶ್ನೆ ಹಳೆಯದು. ಅದಕ್ಕಿಂತ ಗಂಭೀರವಾದದ್ದು ಪಾಲಿಸಿ ಜಾರಿಗೆ ಬಂದ ಮೇಲಿನ ನಮ್ಮ ಮರೆವು. 1938ರ ವಿಮಾ ಕಾಯ್ದೆಯ 39ನೇ ಕಲಮಿನ ಪ್ರಕಾರ, ಪಾಲಿಸಿಯ ಅವಧಿ ಮುಗಿಯುವ ಮುನ್ನ ನಾಮಿನಿಯನ್ನು ಬದಲಿಸಬಹುದು. ಆದರೆ ಮದುವೆಯಾದ ಮಾತ್ರಕ್ಕೆ, ಮಗು ಹುಟ್ಟಿದ ಮಾತ್ರಕ್ಕೆ ಆ ಹೆಸರು ತಾನಾಗಿ ಬದಲಾಗದು. 2015ರ ತಿದ್ದುಪಡಿ ನಾಮಿನಿಯಾದ ತಂದೆತಾಯಿ, ಸಂಗಾತಿ, ಮಕ್ಕಳಿಗೆ ಫಲಾನುಭವದ ಹಕ್ಕನ್ನೇ ಹೇಳಿರುವುದರಿಂದ, ಅವಿವಾಹಿತನಾಗಿದ್ದಾಗ ಬರೆಸಿದ ತಾಯಿಯ ಹೆಸರು ಮುಂದೆ ಅತ್ತೆ ಸೊಸೆಯರನ್ನು ನ್ಯಾಯಾಲಯದ ಮೆಟ್ಟಿಲು ಹತ್ತಿಸಬಹುದು. ಹೀಗಾಗಿ ಪಾಲಿಸಿ ಪತ್ರವನ್ನು ಆಗಾಗ ತೆಗೆದು ನೋಡುವುದು ಕಚೇರಿ ಕೆಲಸವಲ್ಲ, ಗೃಹಸ್ಥಧರ್ಮ. ಯಾರಿಗೆ ನಾನು ಬಾಧ್ಯ ಎಂದು ಮತ್ತೆ ಕೇಳಿಕೊಳ್ಳುವ ಹೊತ್ತು ಅದು.

ನಾಳೆಗೆಂದು ಕೂಡಿಡುವುದನ್ನು ಶರಣರು ಒಪ್ಪಲಿಲ್ಲವಲ್ಲ ಎಂದು ಯಾರಾದರೂ ಕೇಳಿಯಾರು. ಆಕ್ಷೇಪ ಹಗುರವಾದದ್ದಲ್ಲ. ಆದರೆ ಶುದ್ಧ ಅವಧಿ ವಿಮೆಯಲ್ಲಿ ಬದುಕುಳಿದವನಿಗೆ ಹಣ ಮರಳುವುದಿಲ್ಲ. ಅವನ ಕಂತು ಬೇಗ ತೀರಿಕೊಂಡ ಅಪರಿಚಿತನೊಬ್ಬನ ಮನೆ ಸೇರುತ್ತದೆ. ಇದನ್ನು ಸಂಗ್ರಹವೆನ್ನುವುದಕ್ಕಿಂತ ದಾಸೋಹದ ದೂರದ ನಂಟು ಎನ್ನುವುದೇ ಸರಿ. ಉಳಿದದ್ದನ್ನು ದೇವರು ನೋಡಿಕೊಳ್ಳುತ್ತಾನೆ ಎಂಬ ಮಾತನ್ನೂ ಗೌರವಿಸುತ್ತೇನೆ. ಆದರೂ ವಾರ್ಷಿಕ ಕಂತಿಗೆ ಸಿಗುವ 30 ದಿನಗಳ ಹೆಚ್ಚುವರಿ ಅವಕಾಶವನ್ನೂ ಕೈಬಿಟ್ಟು ಪಾಲಿಸಿ ರದ್ದಾದರೆ, ಆ ಹೊರೆ ದೇವರದಲ್ಲ, ಪಾಲಿಸಿದಾರನದು.